ಕೈ ಚಾಲೂ, ಕೈ ಬಂದ್

ಕಮಲಾ ಮಾವಶಿಯ ಕಿವಿ ಅವಳ ಬೆರಳುಗಳಲ್ಲಿತ್ತು. ಬೀಡಿ ಕಟ್ಟುವಾಗ ಅವಳು ಎಲೆಯನ್ನಾಗಲಿ ತಂಬಾಕನ್ನಾಗಲಿ ನೋಡುತ್ತಲೇ ಇರಲಿಲ್ಲ. ಕಣ್ಣು ಓಣಿಯ ಮೇಲೆ, ಮಾತು ಎದುರು ಮನೆಯವರ ಜೊತೆ, ಕೈಗಳು ಮಾತ್ರ ರೇಡಿಯೋದ ತಾಬೆಯಲ್ಲಿ. ಕುಣಿತದ ಹಾಡು ಬಂದರೆ ಬೆರಳುಗಳು ಓಡುತ್ತಿದ್ದವು, ನಿಧಾನದ ಹಾಡು ಬಂದರೆ ನಡೆಯುತ್ತಿದ್ದವು. ನಾಯಕಿ ಅಳುವ ಹಾಡು ಶುರುವಾದರೆ ಮಾವಶಿ ಸರಕ್ಕನೆ ಕೈಚಾಚಿ ರೇಡಿಯೋದ ದನಿ ತಗ್ಗಿಸುತ್ತಿದ್ದಳು.

"ಅಳೂ ಹಾಡಿನ್ಯಾಗ ಕಟ್ಟಿದ ಬೀಡಿ ಸಡಲ ಆಗ್ತಾವ. ಕಾರಖಾನ್ಯಾಗ ತಪಾಸ ಮಾಡಾಂವ ಹೊಳ್ಳಿ ಒಗಿತಾನ. ಅಳಾಕಿ ಆಕಿ, ಬೈಸಿಕೊಳ್ಳಾಕಿ ನಾನು."

ನಿಪ್ಪಾಣಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ಇಡೀ ಓಣಿಗೆ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಗಂಡ ತೀರಿಹೋದ ಮೇಲೆ ಒಬ್ಬನೇ ಮಗ ಸದಾಶಿವನನ್ನು ಬೀಡಿ ಕಟ್ಟಿ ಬೆಳೆಸಿದ್ದಳು. ಸದಾನಿಗೆ ಓದಿಗಿಂತ ಓಟ ಚೆನ್ನಾಗಿ ಬರುತ್ತಿತ್ತು. ಓಡಿ ಓಡಿ ಕೊನೆಗೆ ಮಿಲಿಟರಿಗೇ ಸೇರಿದ. ಮೊದಲನೇ ರಜೆಗೆ ಬಂದಾಗ ಅವನು ತಂದುಕೊಟ್ಟದ್ದೇ ಆ ರೇಡಿಯೋ. ಓಣಿಯಲ್ಲಿ ಅಷ್ಟು ದೊಡ್ಡ ದನಿಯ ರೇಡಿಯೋ ಇನ್ನೊಂದಿರಲಿಲ್ಲವಾದ್ದರಿಂದ ರವಿವಾರ ಬೆಳಗಾದರೆ ಐದಾರು ಹೆಂಗಸರು ತಂತಮ್ಮ ಮೊರ, ಕತ್ತರಿ, ದಾರ ತಗೊಂಡು ಅವಳ ಕಟ್ಟೆಗೆ ಬಂದು ಕೂಡುತ್ತಿದ್ದರು.

ಅಲ್ಲಿ ಒಂದು ಕಾಯದೆ ಇತ್ತು. ರೇಡಿಯೋದಲ್ಲಿ ದೇವರ ಹಾಡು ಬಂದಾಗ ಬೀಡಿ ಕಟ್ಟಕೂಡದು. ಮೊರದ ಮೇಲೆ ಬಟ್ಟೆ ಹೊದಿಸಬೇಕು, ಕೈ ತೊಳೆಯಬೇಕು, ಸುಮ್ಮನೆ ಕೂಡಬೇಕು. ಕಾರಣ ಕೇಳಿದರೆ ಮಾವಶಿ ಹೇಳುತ್ತಿದ್ದಳು: "ನಾಳಿ ಯಾವನೋ ಎಂಜಲಾ ಮಾಡೂ ವಸ್ತು ಇದು. ಇದನ್ನ ಹಿಡಕೊಂಡು ದೇವರ ಮುಂದ ಕುಂಡ್ರೂದೇನು?" ಹಾಡಿಗೆ ಕೈ ಚಾಲೂ, ಪೂಜೆಗೆ ಕೈ ಬಂದ್. ಬೆಳಿಗ್ಗೆ ಭಕ್ತಿಗೀತೆ, ಸಂಜೆ ಭಜನೆ, ಎರಡೂ ಸೇರಿ ಒಂದು ತಾಸಿನ ಮಾತು. ಆ ಹೊತ್ತಿನಲ್ಲಿ ಚಹಾ ಆಗುತ್ತಿತ್ತು, ಯಾರಿಗೂ ತಕರಾರಿರಲಿಲ್ಲ.

ತಕರಾರು ಶುರುವಾದದ್ದು ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ. ನಾನು ಎಂ.ಎ. ಪರೀಕ್ಷೆ ಮುಗಿಸಿ, ಫಲಿತಾಂಶ ಕಾಯುತ್ತ ಧಾರವಾಡದಿಂದ ಊರಿಗೆ ಬಂದಿದ್ದೆ. ಸದಾನ ಕಡೆಯ ಪತ್ರ ಬಂದು ಒಂದೂವರೆ ತಿಂಗಳಾಗಿತ್ತು. "ಬೇರೆ ಕಡೆ ಹೋಗಬೇಕಾಗಿದೆ, ಎಲ್ಲಿಗೆಂದು ಗೊತ್ತಿಲ್ಲ" ಎಂದು ಬರೆದಿದ್ದ. ಆಮೇಲೆ ಸುದ್ದಿಯಿಲ್ಲ. ಮಾವಶಿ ಆ ಮಾತನ್ನೇ ಎತ್ತುತ್ತಿರಲಿಲ್ಲ. ಟಪಾಲಿನವನು ಓಣಿಗೆ ಬಂದರೆ ಅವನ ಕಡೆ ತಿರುಗದೆ, ಆಕಾಶ ನೋಡುತ್ತ, "ನನಗೇನೂ ಇರಲಿಕ್ಕಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಅವನು "ಇಲ್ಲ ನೋಡ್ರಿ ಮಾವಶಿ" ಅನ್ನುವವರೆಗೆ ಅವಳ ಬೆರಳಿನಲ್ಲಿದ್ದ ಬೀಡಿ ಅರ್ಧಕ್ಕೇ ನಿಂತಿರುತ್ತಿತ್ತು.

ಯುದ್ಧ ಜೋರಾದಂತೆ ಅವಳ ಕಾಯದೆ ಬೆಳೆಯತೊಡಗಿತು. ಮೊದಲ ರವಿವಾರ, ಮಡಿದ ಸೈನಿಕರ ಹೆಸರು ವಾರ್ತೆಯಲ್ಲಿ ಬರುವಾಗ ಕೈ ಬಂದ್ ಎಂದಳು. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಮುಂದಿನ ರವಿವಾರ ಇಡೀ ವಾರ್ತೆಗೇ ಕೈ ಬಂದ್ ಆಯಿತು. ಅದರ ಮುಂದಿನ ವಾರ ಹವಾಮಾನ ವರದಿ ಬಂದಾಗಲೂ ಮಾವಶಿ ಮೊರ ಮುಚ್ಚಿದಳು.

ಕಟ್ಟೆಯ ವಿರೋಧಪಕ್ಷವಾಗಿದ್ದ ಹೌಸಾಬಾಯಿ ತಡೆಯಲಾರದೆ ಕೇಳಿದಳು: "ಅಗ ಮಾವಶಿ, ಹವಾಮಾನಕ್ಕೂ ಕೈ ಮುಗೀಬೇಕೇನು?"

"ಮಳೀ ಕೊಡಾಂವ ಯಾರು?"

"ದೇವರು."

"ಮತ್ತ? ದೇವರ ಸುದ್ದಿನs ಅಲ್ಲೇನು ಅದು?"

"ಹಂಗಾರ ಕೃಷಿ ಕಾರ್ಯಕ್ರಮಾನೂ ಪೂಜಾನೇ. ಕಬ್ಬಿನ ಗೊಣ್ಣಿಹುಳಾನೂ ದೇವರ ಹುಟ್ಟಿಸ್ಯಾನ."

"ಹುಳಾ ದೇವರಲ್ಲ. ಹುಳಕ್ಕ ಕೈ ಚಾಲೂ."

ದೊಡ್ಡ ವ್ಯಾಜ್ಯ ಎದ್ದದ್ದು ದೇಶಭಕ್ತಿಗೀತೆಗಳ ಬಗ್ಗೆ. ಆ ದಿನಗಳಲ್ಲಿ ರೇಡಿಯೋ ತಾಸಿಗೊಂದಾದರೂ ದೇಶಭಕ್ತಿಗೀತೆ ಹಾಕುತ್ತಿತ್ತು. ಅದು ಹಾಡೋ ಪೂಜೆಯೋ? ಹಾಡೆಂದರೆ ಕೈ ಓಡಬೇಕು, ಪೂಜೆಯೆಂದರೆ ನಿಲ್ಲಬೇಕು. ಹೌಸಾಬಾಯಿ, "ತಾಳ ಐತಿ, ಡೋಲಕ ಐತಿ, ಹಾಡs ಅದು" ಎಂದಳು. ಮಾವಶಿ, "ಭಕ್ತಿ ಐತೋ ಇಲ್ಲೋ ಅದರಾಗ?" ಎಂದಳು. ಎರಡು ಹಾಡು ಮುಗಿಯುವವರೆಗೆ ವಾದ ನಡೆದು, ಆ ಎರಡೂ ಹಾಡಿಗೆ ಯಾರ ಕೈಯೂ ಓಡಲಿಲ್ಲ, ಯಾರ ಕೈಯೂ ಮುಗಿಯಲಿಲ್ಲ. ಕೊನೆಗೆ ಮಾವಶಿ ನನ್ನ ಕಡೆ ತಿರುಗಿದಳು. ನಾನು ನಮ್ಮ ಕಟ್ಟೆಯ ಕಂಬಕ್ಕೊರಗಿ ಪುಸ್ತಕ ಓದುತ್ತಿದ್ದೆ.

"ಏ ಶಾಣ್ಯಾಕಿ, ಇಷ್ಟ ಕಲತೀಯಲ್ಲ, ನೀ ಹೇಳ."

ನಾನು ಮಾತು ಕಡಿಮೆ ಆಡುವವಳು. ಆದರೆ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವ ಚಾಳಿ ಬಿಟ್ಟಿಲ್ಲ. ಯೋಚಿಸಿ, ಪಲ್ಲವಿಗೆ ಕೈ ಮುಗಿದು ಚರಣಕ್ಕೆ ಬೀಡಿ ಕಟ್ಟಬಹುದು ಎಂದೆ. ಎರಡೂ ಪಕ್ಷಗಳಿಗೆ ತೀರ್ಪು ಒಪ್ಪಿಗೆಯಾಯಿತು. ಅದರ ಫಲವಾಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ರವಿವಾರದ ಕಾರ್ಯಕ್ರಮಗಳ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಕಾರ್ಯಕ್ರಮದ ಮುಂದೆ "ಚಾಲೂ" ಅಥವಾ "ಬಂದ್". ಮಕ್ಕಳ ಕಾರ್ಯಕ್ರಮ ಚಾಲೂ. ನಾಟಕ ಚಾಲೂ, ನಾಟಕದಲ್ಲಿ ಯಾರಾದರೂ ಸತ್ತರೆ ಬಂದ್. ಹಲ್ಲುಪುಡಿ, ಸಾಬೂನಿನ ಜಾಹೀರಾತು ಬಂದಾಗ ಎರಡು ಪಟ್ಟು ಚಾಲೂ. ರೇಡಿಯೋದ ಪಕ್ಕದಲ್ಲಿ ಕೂತು ಕಿವಿ ತಿರುವುವ ಅಧಿಕಾರವೂ ನನ್ನದಾಯಿತು.

ಕೆಲಸ ಕಡಿಮೆಯಾಯಿತೆಂದು ಹೆಂಗಸರು ಗೊಣಗುತ್ತಿದ್ದರು. ಆದರೆ ಮೊರ ಎತ್ತಿಕೊಂಡು ಯಾರೂ ಮನೆಗೆ ಹೋಗಲಿಲ್ಲ. ಒಂದು ದಿನ ಹೌಸಾಬಾಯಿಯೇ ನನ್ನ ಹತ್ತಿರ ಪಿಸುಗುಟ್ಟಿದಳು: "ಹುಚ್ಚಿ ಅಲ್ಲ ಆಕಿ. ಇಷ್ಟೆಲ್ಲಾ ಮಾಡಿದರ ದೇವರಿಗೆ ನಾಚಿಕಿ ಬಂದು ಹುಡುಗನ್ನ ಕಾಯಬೇಕಂತ ಮಾಡ್ಯಾಳ. ಮಾಡಲಿ. ನಮ್ಮ ಬೀಡಿ ಎಲ್ಲಿ ಹೋಗ್ತಾವ?"

ರವಿವಾರ ಮಧ್ಯಾಹ್ನದ ಒಂದು ಕಾರ್ಯಕ್ರಮಕ್ಕೆ ಮಾತ್ರ ಪಟ್ಟಿಯಲ್ಲಿ ಕೆಂಪು ಶಾಯಿ. ಅದರಲ್ಲಿ ಗಡಿಯಲ್ಲಿದ್ದ ಸೈನಿಕರು ಮನೆಯವರಿಗೆ ಕಳಿಸಿದ ಸಂದೇಶ ಓದಿ, ಅವರು ಕೇಳಿದ ಹಾಡು ಹಾಕುತ್ತಿದ್ದರು. ಸಂದೇಶ ಓದುವಾಗ ಕೈ ಬಂದ್ ಆದರಷ್ಟೇ ಸಾಲದು, ಸೆರಗು ಹೊದ್ದು ಎದ್ದು ನಿಲ್ಲಬೇಕು. "ಅವರು ಅಲ್ಲಿ ಹಿಮದಾಗ ನಿಂತಾರ, ನಾವು ಇಲ್ಲಿ ಕುಂಡಿ ಊರೂದೇನು?" ಎನ್ನುವುದು ಮಾವಶಿಯ ವಾದ. ಸಂದೇಶ ಮುಗಿದು ಹಾಡು ಶುರುವಾದರೆ ಮತ್ತೆ ಕೂತು ಕೈ ಚಾಲೂ. ಹೀಗೆ ಅರ್ಧ ತಾಸಿನಲ್ಲಿ ಹತ್ತು ಸಲ ಏಳಬೇಕು, ಹತ್ತು ಸಲ ಕೂಡಬೇಕು. "ಸಾಲ್ಯಾಗೂ ಇಷ್ಟ ಬೈಠಕ್ ಹೊಡದಿರಲಿಲ್ಲ" ಎಂದು ಹೌಸಾಬಾಯಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಪ್ರತಿ ಹೆಸರಿಗೂ ಮಾವಶಿಯ ಮುಖ ರೇಡಿಯೋದ ಕಡೆ ಚೂರು ಮುಂದೆ ಬರುತ್ತಿತ್ತು. ಹೆಸರು ಬೇರೆಯದೆಂದು ತಿಳಿದ ಮೇಲೆ ಹಿಂದೆ ಸರಿಯುತ್ತಿತ್ತು. ಮೂರು ರವಿವಾರ ಹೀಗೆ ಕಳೆದವು.

ನಾಲ್ಕನೆಯ ರವಿವಾರ ಎಲ್ಲರೂ ಎದ್ದು ನಿಂತಿದ್ದರು. ರೇಡಿಯೋ ಹೇಳಿತು: "ಬೆಳಗಾವಿ ಜಿಲ್ಲೆಯ ಯೋಧ ಸದಾಶಿವ ಅವರು..."

"ನನ್ನ ಸದಾ!" ಎಂದು ಮಾವಶಿ ಚೀರಿದ ದನಿಗೆ ಎದುರು ಮನೆಯ ತಗಡಿನ ಮೇಲಿದ್ದ ಕಾಗೆಗಳು ಎದ್ದುಹೋದವು. ಹೆಂಗಸರೆಲ್ಲ ಒಟ್ಟಿಗೆ "ಸದಾ! ಸದಾ!" ಎಂದು ಕೂಗಿಕೊಂಡರು. ಆ ಗದ್ದಲದಲ್ಲಿ ಸಂದೇಶ ಯಾರಿಗೂ ಕೇಳಿಸಲಿಲ್ಲ. ರೇಡಿಯೋಕ್ಕೆ ಕಿವಿ ಹಚ್ಚಿ ನಿಂತಿದ್ದ ನನಗೆ ಮಾತ್ರ ಕೇಳಿಸಿತು. ಅದು ಹೀಗಿತ್ತು: "...ರಾಯಬಾಗ ತಾಲ್ಲೂಕು ಮುಗಳಖೋಡದ ತಮ್ಮ ತಾಯಿ ಸತ್ಯೆವ್ವ ಅವರಿಗೆ ತಿಳಿಸುವುದೇನೆಂದರೆ, ನಾನು ಕ್ಷೇಮವಾಗಿದ್ದೇನೆ. ಎಮ್ಮೆ ಈದಿತೋ ಇಲ್ಲವೋ ಪತ್ರ ಬರೆಯಿರಿ. ಈ ಹಾಡು ನಿಮಗಾಗಿ."

ಹಾಡು ಶುರುವಾಯಿತು. ಅದೊಂದು ಹಳೆಯ ಸಿನೆಮಾದ ತುಂಟ ಹಾಡು. ಅರ್ಧ ಸಿಳ್ಳೆ, ಅರ್ಧ "ಹೊಯ್ ಹೊಯ್", ನಡುನಡುವೆ ನಾಯಕಿ ನಾಯಕನ ಮೀಸೆಯನ್ನು ಅಣಕಿಸುವ ಎರಡು ಸಾಲು. ಪದ್ಧತಿಯಂತೆ ಹೆಂಗಸರು ಕೂಡಲು ಬಾಗಿದರು.

"ಯಾರೂ ಕುಂಡ್ರಬ್ಯಾಡ್ರಿ!" ಮಾವಶಿ ಗುಡುಗಿದಳು. "ಇದು ದೇವರ ಹಾಡು."

ಬಾಗಿದವರು ನೆಟ್ಟಗಾದರು. ಸೆರಗು ಹೊದ್ದ ಆರು ಹೆಂಗಸರು ಕೈ ಮುಗಿದು, ಕಣ್ಣು ಮುಚ್ಚಿ ನಿಂತರು. ರೇಡಿಯೋ ಸಿಳ್ಳೆ ಹಾಕುತ್ತಿತ್ತು. ಸೈಕಲ್ ಮೇಲೆ ಹೊರಟಿದ್ದ ಒಬ್ಬ ಅಪರಿಚಿತ ಈ ದೃಶ್ಯ ನೋಡಿ ಗಾಬರಿಯಾಗಿ ಕೆಳಗಿಳಿದು, ಟೊಪ್ಪಿಗೆ ತೆಗೆದು, ಹಾಡು ಮುಗಿಯುವ ತನಕ ಅಲುಗಾಡದೆ ನಿಂತ. ಮಾವಶಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹೌಸಾಬಾಯಿಯ ಭುಜ ಕುಲುಕುತ್ತಿತ್ತು, ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಆ ಸಂಜೆ ಓಣಿಗೆಲ್ಲ ಸಕ್ಕರೆ ಹಂಚಿದ್ದಾಯಿತು. ಹೌಸಾಬಾಯಿಗೆ ಒಂದು ಮಾತು ಮಾತ್ರ ಗದ್ದಲದ ನಡುವೆಯೂ ಕಿವಿಗೆ ಬಿದ್ದಿತ್ತು. "ಮಾವಶಿ, ಎಮ್ಮಿ ಅಂತೇನೋ ಅಂದಂಗಾತಲ್ಲ? ನಿಮ್ಮ ಮನ್ಯಾಗ ಎಮ್ಮಿ ಎಲ್ಲೈತಿ?"

ಮಾವಶಿ ಹೌಸಾಬಾಯಿಯ ಅಜ್ಞಾನಕ್ಕೆ ಮರುಗಿದಳು. "ಮಿಲಿಟ್ರಿಯಾಗ ಎಲ್ಲಾ ಬಿಚ್ಚಿ ಹೇಳೂದಿಲ್ಲ ಬೇ. ಗುಪ್ತ ಮಾತು ಇರತಾವ. ಎಮ್ಮಿ ಅಂದ್ರ ತೋಪು ಇರಬೇಕು."

ತಪ್ಪು ತಿದ್ದುವುದು ನನ್ನ ಸ್ವಭಾವ. ಅಚ್ಚಾದ ಪುಸ್ತಕದ ತಪ್ಪನ್ನೂ ಪೆನ್ಸಿಲ್ಲಿನಲ್ಲಿ ತಿದ್ದುತ್ತೇನೆ. ಆದರೆ ಎಷ್ಟೋ ವಾರಗಳ ಮೇಲೆ ಆ ಹೆಂಗಸು ಆವತ್ತು ಎರಡು ರೊಟ್ಟಿ ಪೂರ್ತಿ ಉಂಡಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ನಾಡಿದ್ದಾಯಿತು, ಹದಿನೈದು ದಿನವಾಯಿತು.

ಹದಿನಾರನೆಯ ದಿನ ಸದಾನ ನಿಜವಾದ ಪತ್ರ ಬಂತು. ಓದುವವಳು ನಾನೇ. ಅವನು ಬೆಟ್ಟದ ಮೇಲೆ ಇರಲೇ ಇಲ್ಲ. ಬಹಳ ಕೆಳಗೆ, ಬಯಲಿನ ಒಂದು ಉಗ್ರಾಣದಲ್ಲಿ, ಮೇಲಿನವರಿಗೆ ಕಳಿಸುವ ಬಟಾಟೆ, ಉಳ್ಳಾಗಡ್ಡಿ ಚೀಲಗಳನ್ನು ಕಾಯುತ್ತಿದ್ದ. ಅಲ್ಲಿಂದ ಪತ್ರಗಳು ತಡವಾಗಿ ಹೊರಡುತ್ತಿದ್ದವಂತೆ. "ರೇಡಿಯೋದಲ್ಲಿ ನನ್ನ ಸಂದೇಶ ಬರುತ್ತದೆಂದು ಕಾಯಬೇಡ. ಅದು ಮೇಲೆ ಇರುವವರಿಗೆ. ನನಗೆ ಇಲ್ಲಿ ಬಟಾಟೆಯ ಹೊರತು ಯಾವ ಶತ್ರುವೂ ಇಲ್ಲ." ಆ ಸಾಲಿಗೆ ಬಂದಾಗ ನನ್ನ ದನಿ ನಿಂತಿತು. ಬಿಟ್ಟು ಮುಂದೆ ಓದಬಹುದಿತ್ತು.

"ಯಾಕ ನಿಂತಿ? ಓದು."

ಓದಿದೆ. ಮಾವಶಿ ಮೊದಲು ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಬಟಾಟಿ ಕಾಯಾಕ ಹತ್ಯಾನ ಭಾಡ್ಯಾ, ಬಟಾಟಿ!" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅವಳಿಗೆ ಉಳಿದದ್ದು ಹೊಳೆಯಿತು.

"ಹಂಗಾರ ಆ ಸದಾ ಯಾರು?"

ಹೇಳಿದೆ. ಊರು, ತಾಯಿಯ ಹೆಸರು, ಎಮ್ಮೆ, ಎಲ್ಲ.

"ನಿನಗ ಅವತ್ತs ಗೊತ್ತಿತ್ತು?"

"ಹೌದ್ರಿ ಮಾವಶಿ."

ಬೈಗುಳಕ್ಕೆ ತಯಾರಾಗಿ ಕೂತೆ. ಮಾವಶಿಯ ಬೈಗುಳಗಳು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವಂಥವು. ಅವಳು ಬೈಯಲಿಲ್ಲ. ರೇಡಿಯೋದ ಕಡೆ ತಿರುಗಿ ಅಂದಳು: "ಹದಿನೈದ ದಿನದಿಂದ ಯಾರದೋ ಮಗನ ಮಾತು ನನ್ನ ಮನ್ಯಾಗ ಬಿದ್ದೈತಿ. ಆಕಿಗೆ ಮುಟ್ಟಿತೋ ಇಲ್ಲೋ?"

"ಆಕಿನೂ ಕೇಳಿರಬಹುದು ಮಾವಶಿ."

"ಕೇಳಿರಲಿಕ್ಕಿಲ್ಲಂದ್ರ? ಏಳು. ಸೀರಿ ಬದಲಿಸಿ ಬರತೇನಿ."

ಚಿಕ್ಕೋಡಿಯಲ್ಲಿ ಒಂದು, ರಾಯಬಾಗದಲ್ಲಿ ಇನ್ನೊಂದು ಬಸ್ಸು ಬದಲಿಸಿ ಮುಗಳಖೋಡ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ದಾರಿಯುದ್ದಕ್ಕೂ ಮಾವಶಿ ಒಂದೇ ಮಾತು ಅಭ್ಯಾಸ ಮಾಡುತ್ತಿದ್ದಳು: "ಅಕ್ಕಾ, ತಪ್ಪಾಗೈತಿ. ನಿನ್ನ ಹಾಡಿಗೆ ನಾ ಕೈ ಮುಗದೆ." ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯವನನ್ನು ಕೇಳಿದಾಗ ಅವನು ಗಲ್ಲ ಕೆರೆದುಕೊಂಡ.

"ಸತ್ಯೆವ್ವ ಅಂದ್ರ ಯಾವ ಸತ್ಯೆವ್ವರಿ? ಐದಾರು ಮಂದಿ ಅದಾರ."

"ಎಮ್ಮಿ ಇದ್ದಾಕಿ."

"ಎಮ್ಮಿ ಎಲ್ಲಾರ ಮನ್ಯಾಗೂ ಅದಾವರಿ."

"ಮಗ ಮಿಲಿಟ್ರಿಯಾಗ ಇದ್ದಾಕಿ."

"ಹಂಗ ಹೇಳ್ರಿ ಮತ್ತ," ಎಂದು ಅವನು ಅಂಗಡಿ ಬಿಟ್ಟು ತಾನೇ ದಾರಿ ತೋರಿಸಲು ಬಂದ.

ಸತ್ಯೆವ್ವ ಅಂಗಳದಲ್ಲಿ ಸೆಗಣಿ ತಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಳು. ಎದುರಿಗೆ ಗುರುತಿಲ್ಲದ ಒಬ್ಬ ಹಿರಿಯ ಹೆಂಗಸು, ಜೊತೆಗೆ ಓದಿದವಳಂತೆ ಕಾಣುವ, ನಗುಮುಖವಿಲ್ಲದ ಹುಡುಗಿಯೊಬ್ಬಳು, ಹಿಂದೆ ಬಾಯಿ ಮುಚ್ಚಿಕೊಂಡು ನಿಂತ ಅಂಗಡಿಯವನು. ಅವಳು ದಡಕ್ಕನೆ ಎದ್ದಳು. ಸೆಗಣಿಯ ಕೈಯಲ್ಲೇ ಬಾಗಿಲ ಚೌಕಟ್ಟು ಹಿಡಿದಳು. ಯಾವ ಸುದ್ದಿ ಹೊತ್ತು ಜನ ಹೀಗೆ ಬರುತ್ತಾರೆಂದು ಆ ಬೇಸಿಗೆಯಲ್ಲಿ ಎಲ್ಲ ತಾಯಂದಿರಿಗೂ ಗೊತ್ತಿತ್ತು.

ನನಗದು ಹೊಳೆಯುವಷ್ಟರಲ್ಲಿ ಮಾವಶಿ ಅಭ್ಯಾಸ ಮಾಡಿದ್ದನ್ನೆಲ್ಲ ಬಿಟ್ಟು ಅಂಗಳಕ್ಕೆ ನುಗ್ಗಿದ್ದಳು. "ಆರಾಮ ಅದಾನ! ಅಕ್ಕಾ, ನಿನ್ನ ಮಗ ಆರಾಮ ಅದಾನ! ಅಂಜಬ್ಯಾಡ, ನಾವು ಹಾಡು ತಂದೇವಿ!"

ಸತ್ಯೆವ್ವ ಚೌಕಟ್ಟು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಉಸಿರು ತಿರುಗಿದ ಮೇಲೆ ಎಲ್ಲ ಕೇಳಿದಳು. ಅವಳು ಆ ರವಿವಾರ ಹೊಲದಲ್ಲಿದ್ದಳು. ಓಣಿಯಲ್ಲಿ ಇದ್ದೊಂದು ರೇಡಿಯೋದ ಶೆಲ್ಲು ಮುಗಿದಿತ್ತು. ಊರಲ್ಲಿ ಯಾರೂ ಏನೂ ಕೇಳಿರಲಿಲ್ಲ.

"ಏನಂದಾನ್ರಿ ಅಂವ? ಅಂದದ್ದು ಅಂದಂಗ ಹೇಳ್ರಿ."

ಮಾವಶಿ ನನ್ನನ್ನು ಮುಂದೆ ತಳ್ಳಿದಳು. "ಹೇಳ ಬೇ. ಕೇಳಿದಾಕಿ ನೀನು. ಒಂದ ಅಕ್ಷರ ಬಿಡಬ್ಯಾಡ."

ಆ ತನಕ ನಾನು ನಾಲ್ಕು ಜನರ ಮುಂದೆ ದನಿಯೆತ್ತಿ ಮಾತಾಡಿದವಳಲ್ಲ. ಅಂಗಳದ ನಡುವೆ ನಿಂತು, ರೇಡಿಯೋದವರ ಧಾಟಿಯಲ್ಲೇ, "ಬೆಳಗಾವಿ ಜಿಲ್ಲೆಯ ಯೋಧ ಸದಾಶಿವ ಅವರು" ಎಂದು ಶುರುಮಾಡಿ ಪೂರ್ತಿ ಒಪ್ಪಿಸಿದೆ. ಎಮ್ಮೆಯ ಮಾತು ಬಂದಾಗ ಸತ್ಯೆವ್ವ ಗೋದಲಿಯ ಕಡೆ ಕೈ ಮಾಡಿ, ನನಗಲ್ಲ, ನನ್ನ ಹಿಂದಿನ ಗಾಳಿಗೆ ಹೇಳಿದಳು: "ಈದೈತೋ ಯಪ್ಪಾ. ಹೆಣ್ಣ ಕರಾ ಹಾಕೈತಿ."

"ಹಾಡು ಯಾವುದರಿ?"

ಹಾಡುವುದು ನನ್ನಿಂದಾಗದು. ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತಂಬಾಕಿನ ಧೂಳು ಕುಡಿದು ಒರಟಾದ ಗಂಟಲಿನಲ್ಲಿ, ಹೊಯ್ ಹೊಯ್ ಸಹಿತ, ಸಿಳ್ಳೆಯನ್ನೂ ಬಿಡದೆ ಇಡೀ ಹಾಡು ಹಾಡಿದಳು. ಗೋಡೆಯ ಮೇಲೆಲ್ಲ ನೆರೆಯವರ ತಲೆಗಳು ಮೂಡಿದವು. ಸತ್ಯೆವ್ವ ಮೊದಲು ಬೆಕ್ಕಸಬೆರಗಾದಳು, ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಸಣ್ಣಾಂವ ಇದ್ದಾಗ ಈ ಹಾಡಿಗೆ ದೇವರ ಮನ್ಯಾಗ ಕುಣದು ಎಣ್ಣಿ ಬುಡ್ಡಿ ಒಡದಿದ್ದನ್ರಿ. ಕಸಬರಿಗೀಲೆ ಬಾರಿಸಿದ್ದೆ. ಅಷ್ಟ ದೂರ ಹೋಗ್ಯಾನ, ಇನ್ನೂ ಸೇಡು ಬಿಟ್ಟಿಲ್ಲ ನೋಡ್ರಿ!"

ಮುಂದೆ ದೀಪಾವಳಿಗೆ ಆ ಸದಾಶಿವ ಊರಿಗೆ ಬಂದನಂತೆ. ಮೊದಲು ಎಮ್ಮೆಯ ಕರುವನ್ನೂ ಆಮೇಲೆ ತಾಯಿಯನ್ನೂ ಮಾತಾಡಿಸಿದನಂತೆ. ಇದೆಲ್ಲ ನನಗೆ ಪತ್ರಗಳಿಂದ ತಿಳಿದದ್ದು. ಅಷ್ಟರಲ್ಲಿ ನಾನು ಸಂದರ್ಶನಕ್ಕೆಂದು ಹೋದ ಮೈಸೂರಿನಲ್ಲೇ ಕೆಲಸ ಸಿಕ್ಕು ಉಳಿದಿದ್ದೆ, ಊರಿಗೆ ಬರುವುದಾಗಲಿಲ್ಲ. ಎರಡು ವರ್ಷದ ಮೇಲೆ ಮಾವಶಿ ತೀರಿಕೊಂಡ ಸುದ್ದಿಯೂ ಪತ್ರದಲ್ಲೇ ಬಂತು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಮುಗಳಖೋಡಕ್ಕೆ ಹೋಗಿಬಂದ ಮುಂದಿನ ರವಿವಾರ, ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ. ಅಂದು ಬೆಳಿಗ್ಗೆಯೇ ಹೌಸಾಬಾಯಿ ಖಾಲಿ ಕಟ್ಟೆಯ ಮುಂದೆ ಮೊರ ಹಿಡಿದು ನಿಂತು, "ತಾ ಹೋದ್ರ ಹೋಗಲಿ, ರೇಡಿಯೋ ಯಾಕ ಹೊತಕೊಂಡು ಹ್ವಾದ್ಲು?" ಎಂದು ಓಣಿಗೆಲ್ಲ ದೂರು ಹೇಳುತ್ತಿದ್ದಳು. ನಾನು ಸಂದರ್ಶನಕ್ಕೆಂದು ಮೈಸೂರಿಗೆ ಹೊರಟು ಬೆಳಗಾವಿಯ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಚಿಕ್ಕೋಡಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಿಟಕಿಯ ಪಕ್ಕ ಮಾವಶಿ ಕೂತಿದ್ದಳು. ತೊಡೆಯ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿದ ರೇಡಿಯೋ, ಅದರ ಮೇಲೆ ಎರಡು ಹೊಸ ಶೆಲ್ಲಿನ ಪೊಟ್ಟಣ.

ಹತ್ತಿರ ಹೋಗಿ ಕೇಳಿದೆ: "ಮಾವಶಿ, ಸದಾ ಆರಾಮ ಅದಾನಂತ ಗೊತ್ತಾತಲ್ಲರಿ. ಮತ್ತ ಈ ರೇಡಿಯೋ ಎಲ್ಲಿಗೆ?"

ಕಂಡಕ್ಟರ್ ಸೀಟಿ ಊದಿದ. ಮಾವಶಿ ರೇಡಿಯೋದ ಮೇಲಿನ ಸೆರಗು ಸರಿಮಾಡಿ, ಇಷ್ಟು ಕಲಿತವಳಿಗೆ ಇದೂ ತಿಳಿಯದೇ ಎನ್ನುವಂತೆ ನನ್ನನ್ನು ನೋಡಿದಳು.

"ನಂದು ಮುಟ್ಟೈತಿ. ಸತ್ಯೆವ್ವನ ಸದಾ ಇನ್ನೂ ಮ್ಯಾಲೆ ಹಿಮದಾಗ ಅದಾನ, ಆಕಿ ಸುದ್ದಿ ಇನ್ನೂ ಬರೂದೈತಿ."